ಭಾರ ಇಟ್ಟರೆ ಲಿಫ್ಟ್ ಟೇಬಲ್ ತಾನಾಗಿ ಇಳಿಯುತ್ತೆ, ಮನೆಯಲ್ಲೇ ರಿಪೇರಿ ಮಾಡಬಹುದಾ?

ನವನಗರ ವೈಂಡಿಂಗ್

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ನವನಗರದಲ್ಲಿ ಮನೆಯ ಹಿಂದೆಯೇ ನಮ್ಮದೊಂದು ಸಣ್ಣ ಮೋಟರ್ ವೈಂಡಿಂಗ್ ಶೆಡ್ ಇದೆ. ಅಪ್ಪ, ನಾನು ಇಬ್ಬರೇ ಕೆಲಸಕ್ಕೆ. ಸುತ್ತಲಿನ ಹಳ್ಳಿಗಳಿಂದ ಪಂಪ್‌ಸೆಟ್ ಮೋಟರ್ ಬರುತ್ತವೆ. ಅವನ್ನು ನೆಲದಿಂದ ಬೆಂಚಿಗೆ ಎತ್ತಿ ಎತ್ತಿ ಅಪ್ಪನ ಸೊಂಟ ಹಿಡಿದುಕೊಂಡಿದೆ. ಅದಕ್ಕೇ ಒಂದು ಸೆಕೆಂಡ್ ಹ್ಯಾಂಡ್ ಹೈಡ್ರಾಲಿಕ್ ಲಿಫ್ಟ್ ಟೇಬಲ್ ತಂದೆವು. ಕಾಲಲ್ಲಿ ಪೆಡಲ್ ತುಳಿದು ಎತ್ತುವ, ಕತ್ತರಿ ಕಾಲಿನ ಟೇಬಲ್. ಪ್ಲೇಟ್ ಮೇಲೆ 300 ಕೆ.ಜಿ. ಅಂತ ಬರೆದಿದೆ.

ತೊಂದರೆ ಏನಂದ್ರೆ, ಖಾಲಿ ಇದ್ದಾಗ ಚೆನ್ನಾಗಿ ಏಳುತ್ತೆ, ನಿಲ್ಲುತ್ತೆ. ಮೋಟರ್ ಇಟ್ಟರೂ ಏಳುತ್ತೆ, ಆದರೆ ನಿಲ್ಲಲ್ಲ. ಚಹಾ ಕುಡಿದು ಬರುವಷ್ಟರಲ್ಲಿ ಒಂದು ಗೇಣು ಇಳಿದಿರುತ್ತೆ. ಹೊರಗೆ ಎಲ್ಲೂ ಆಯಿಲ್ ಸೋರಿದ ಗುರುತಿಲ್ಲ, ನೆಲ ಪೂರ್ತಿ ಒಣಗಿದೆ. ಒಬ್ಬ ರಿಪೇರಿಯವರು ಫೋನಲ್ಲೇ "ಸಿಲಿಂಡರ್ ಸೀಲ್ ಹೋಗಿದೆ, ಪೂರ್ತಿ ಬಿಚ್ಚಬೇಕು" ಅಂದರು. ಟೇಬಲ್ ನೋಡದೆ ಅದು ಹೇಗೆ ಗೊತ್ತಾಗುತ್ತೆ ಅಂತ ನನಗೆ ಅನುಮಾನ. ಇದನ್ನು ನಾವೇ ಮಾಡಬಹುದಾ? ಎಲ್ಲಿಂದ ಶುರು ಮಾಡಬೇಕು? ಸಾಮಾನ್ಯ ಪಾನಾ, ವರ್ನಿಯರ್, ವೈಸ್ ನಮ್ಮಲ್ಲಿವೆ.

ಗೋಕುಲ್ ರೋಡ್ ಫಿಟ್ಟರ್

ತಮ್ಮಾ, ಸಿಲಿಂಡರ್ ಈಗಲೇ ಬಿಚ್ಚಬೇಡ. ನಾನು ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಮೆಂಟೆನೆನ್ಸ್ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಇಂಥ ಟೇಬಲ್‌ಗಳಲ್ಲಿ ಕಡೆಗೆ ಬಿಚ್ಚಬೇಕಾದದ್ದನ್ನು ಜನ ಮೊದಲು ಬಿಚ್ಚುತ್ತಾರೆ. ಆಮೇಲೆ ಒಳ್ಳೆಯ ಸೀಲನ್ನೂ ಕಳೆದುಕೊಳ್ಳುತ್ತಾರೆ.

ಎಲ್ಲಕ್ಕಿಂತ ಮುಂಚೆ ಒಂದು ಮಾತು. ಎತ್ತಿದ ಟೇಬಲ್ ಕೆಳಗೆ ಕೈ ಹಾಕುವ ಮೊದಲು ಗಟ್ಟಿ ಆಸರೆ ಕೊಡಬೇಕು. ಆಯಿಲ್ ಹಿಡಿದಿದೆ ಅಂತ ನಂಬಬಾರದು. ನಿಮ್ಮದಂತೂ ಹಿಡಿಯುತ್ತಿಲ್ಲ ಅಂತ ನೀನೇ ಬರೆದಿದ್ದೀಯ. ಕತ್ತರಿ ಕಾಲು ಮುಚ್ಚಿಕೊಳ್ಳುವಾಗ ಮಧ್ಯೆ ಬೆರಳು ಸಿಕ್ಕರೆ ಉಳಿಯಲ್ಲ. ಮೇಲಿನ ಭಾರ ಇಳಿಸು. ಟೇಬಲ್ ಎತ್ತು. ಎರಡೂ ಕಡೆ ಆಸರೆ ಇಡು. ನಂತರ ಲಿವರ್ ಒತ್ತಿ ಟೇಬಲ್ ಆಸರೆಯ ಮೇಲೆ ಕೂರುವಂತೆ ಮಾಡು. ಆಗ ಸಿಲಿಂಡರ್‌ನಲ್ಲಿ ಒತ್ತಡ ಇರಲ್ಲ. ಕೆಲಸ ಅಲ್ಲಿಂದ ಶುರು.

ಈಗ ಯಂತ್ರದ ವಿಷಯ. ಪೆಡಲ್ ಮೇಲೆ ಬಂದಾಗ ಟ್ಯಾಂಕಿನ ಆಯಿಲ್, ದಾರಿ ಮುಚ್ಚಿ ಕೂತ ಒಂದು ಸಣ್ಣ ಗುಂಡನ್ನು (ಬಾಲ್) ಎಬ್ಬಿಸಿ ಪಂಪಿಗೆ ಬರುತ್ತೆ. ಪೆಡಲ್ ತುಳಿದಾಗ ಆ ಗುಂಡು ಕೂರುತ್ತೆ, ಇನ್ನೊಂದು ಗುಂಡು ಎದ್ದು ಆಯಿಲ್ ಸಿಲಿಂಡರ್‌ಗೆ ಹೋಗುತ್ತೆ. ಇಳಿಸುವಾಗ ಲಿವರ್ ಒತ್ತಿದರೆ ರಿಲೀಸ್ ವಾಲ್ವ್ ತೆರೆದು ಆಯಿಲ್ ವಾಪಸ್ ಟ್ಯಾಂಕಿಗೆ. ಇಷ್ಟೇ. ಹಾಗಾದ್ರೆ ಎತ್ತಿದ ಟೇಬಲ್‌ನಿಂದ ಆಯಿಲ್ ತಪ್ಪಿಸಿಕೊಳ್ಳೋಕೆ ದಾರಿ ನಾಲ್ಕೇ: ಆ ಎರಡನೇ ಗುಂಡು, ರಿಲೀಸ್ ವಾಲ್ವ್, ಹೆಚ್ಚು ಭಾರಕ್ಕೆ ತೆರೆಯುವ ರಿಲೀಫ್ ವಾಲ್ವ್, ಮತ್ತೆ ಸಿಲಿಂಡರ್ ಸೀಲ್. ಯಾವ ದಾರಿ ಅಂತ ಬಿಚ್ಚದೇ ಸುಮಾರಾಗಿ ಕಂಡುಹಿಡಿಯಬಹುದು.

ಮೂರು ವಿಷಯ ನೋಡಿ ಹೇಳು. ಭಾರ ಇಟ್ಟು ಎತ್ತಿ, ಪೆಡಲ್ ಕೆಳಗೆ ತುಳಿದು ಕಾಲು ತೆಗೆ. ಪೆಡಲ್ ತಾನಾಗಿ ಜೋರಾಗಿ ಮೇಲೆ ಒದೆಯುತ್ತಾ? ಎರಡನೆಯದು, ಲಿವರ್‌ನಿಂದ ವಾಲ್ವಿಗೆ ಹೋಗುವ ಕೇಬಲ್‌ನಲ್ಲಿ ಸ್ವಲ್ಪವಾದರೂ ಸಡಿಲ ಇದೆಯಾ? ಮೂರನೆಯದು, ಸಿಲಿಂಡರ್‌ನಿಂದ ಹೊರಗೆ ಬರುವ ರಾಡ್ ಎಷ್ಟು ದಪ್ಪ? ಹೊರಗಿನ ಟ್ಯೂಬಿಗಿಂತ ಸ್ವಲ್ಪವೇ ಸಣ್ಣದಾ, ತೀರಾ ತೆಳುವಾ?

ಹಳೇ ಹುಬ್ಬಳ್ಳಿ ಗ್ಯಾರೇಜ್

ಇಷ್ಟೆಲ್ಲ ಯಾಕೆ ಅಣ್ಣಾ? ರಿಲೀಫ್ ಸ್ಕ್ರೂ ಒಂದು ಸುತ್ತು ಟೈಟ್ ಮಾಡಿ ನೋಡಲಿ. ಆಗಲಿಲ್ಲ ಅಂದ್ರೆ ಆಯಿಲ್ ತೆಗೆದು 20ಡಬ್ಲ್ಯೂ-40 ಇಂಜಿನ್ ಆಯಿಲ್ ಹಾಕಲಿ. ದಪ್ಪ ಇರುತ್ತೆ, ನಿಧಾನಕ್ಕೆ ಸೋರುತ್ತೆ. ತುರ್ತಿಗೆ ಬ್ರೇಕ್ ಆಯಿಲ್ ಕೂಡ ಹಾಕುವವರಿದ್ದಾರೆ.

ಗೋಕುಲ್ ರೋಡ್ ಫಿಟ್ಟರ್

ಈ ಮೂರೂ ಬೇಡ ಅಣ್ಣಾ, ಯಾಕೆ ಅಂತ ಹೇಳ್ತೀನಿ.

ರಿಲೀಫ್ ವಾಲ್ವ್ ಇರೋದು ಟೇಬಲ್ ತನ್ನ ತಾಕತ್ತಿಗಿಂತ ಜಾಸ್ತಿ ಎತ್ತದ ಹಾಗೆ ತಡೆಯೋಕೆ. ಕತ್ತರಿ ಟೇಬಲ್ ಪೂರ್ತಿ ಕೆಳಗಿದ್ದಾಗ ಕಾಲುಗಳು ಹೆಚ್ಚುಕಡಿಮೆ ಮಲಗಿರುತ್ತವೆ. ಆ ಸ್ಥಿತಿಯಲ್ಲಿ ಮೇಲಿನ ಭಾರದ ಎಷ್ಟೋ ಪಟ್ಟು ಬಲ ಸಿಲಿಂಡರ್ ಮೇಲೆ ಬೀಳುತ್ತೆ. ಒಂದು ಲೆಕ್ಕ ನೋಡಿ. 40 ಮಿ.ಮೀ. ವ್ಯಾಸದ ರಾಮ್‌ನ, ಅಂದರೆ ಸಿಲಿಂಡರ್‌ನಿಂದ ಹೊರಗೆ ಬರುವ ದಪ್ಪ ರಾಡಿನ, ವಿಸ್ತೀರ್ಣ ಸುಮಾರು 12.5 ಚದರ ಸೆಂ.ಮೀ. ಅದರ ಮೇಲೆ 1,000 ಕೆ.ಜಿ. ಬಲ ಬಿದ್ದರೆ ಪ್ರತಿ ಚದರ ಸೆಂ.ಮೀ.ಗೆ 80 ಕೆ.ಜಿ. ಒತ್ತಡ. ಮನೆಯ ಶೆಡ್‌ನಲ್ಲಿ ಗೇಜ್ ಇಲ್ಲದೆ ಆ ಸ್ಕ್ರೂ ತಿರುಗಿಸಿದರೆ ಎಲ್ಲಿಗೆ ನಿಂತಿತು ಅಂತ ಯಾರಿಗೂ ಗೊತ್ತಾಗಲ್ಲ. ಮುಂದೆ ಪಿನ್ ಬಾಗುತ್ತೆ, ಇಲ್ಲ ವೆಲ್ಡಿಂಗ್ ಬಿಡುತ್ತೆ. ಆಗ ಟೇಬಲ್ ಪಕ್ಕ ನಿಂತಿರೋದು ಅವರ ಅಪ್ಪ.

ಬ್ರೇಕ್ ಆಯಿಲ್ ಅಂತ ಕರೆದರೂ ಕಾರಿಗೆ ಹಾಕುವ ಡಾಟ್ 3, ಡಾಟ್ 4 ಎಣ್ಣೆ ಜಾತಿಯದ್ದಲ್ಲ, ಗ್ಲೈಕಾಲ್. ಅದು ಹೈಡ್ರಾಲಿಕ್‌ನ ನೈಟ್ರೈಲ್ ರಬ್ಬರ್ ಸೀಲನ್ನು ಊದಿಸಿ ಮೆತ್ತಗೆ ಮಾಡುತ್ತೆ. ಇಂದು ನಿಂತ ಟೇಬಲ್ ಬರುವ ತಿಂಗಳು ಎಲ್ಲ ಕಡೆಯಿಂದ ಸೋರುತ್ತೆ.

ಇಂಜಿನ್ ಆಯಿಲ್ ಸೀಲ್ ತಿನ್ನಲ್ಲ, ಒಪ್ಪಿದೆ. ಆದರೆ ಹೈಡ್ರಾಲಿಕ್ ಆಯಿಲ್ ಮೇಲೆ 32, 46, 68 ಅಂತ ಇರುತ್ತಲ್ಲ, ಅದು 40 ಡಿಗ್ರಿಯಲ್ಲಿ ಅದರ ದಪ್ಪದ ಅಳತೆ. 20ಡಬ್ಲ್ಯೂ-40 ಅದೇ ಅಳತೆಯಲ್ಲಿ 100ರ ಮೇಲೆ ಹೋಗುತ್ತೆ. ಡಿಸೆಂಬರ್ ಬೆಳಗ್ಗೆ ಸಣ್ಣ ತೂತಿನಲ್ಲಿ ಹೀರಲು ಪಂಪ್ ಒದ್ದಾಡುತ್ತೆ, ಖಾಲಿ ಟೇಬಲ್ ಇಳಿಯೋಕೆ ಹೊತ್ತು ಹಿಡಿಯುತ್ತೆ. ಅದಕ್ಕಿಂತ ದೊಡ್ಡ ತೊಂದರೆ, ಸೋರುವ ಜಾಗ ಹಾಗೇ ಉಳಿಯುತ್ತೆ. ಪ್ಲೇಟ್ ಮೇಲೆ ಯಾವ ನಂಬರ್ ಇದೆಯೋ ಅದನ್ನೇ ಹಾಕಬೇಕು. ಪ್ಲೇಟ್ ಅಳಿಸಿಹೋಗಿದ್ದರೆ ಕಾಲ್ಪಂಪಿನ ಟೇಬಲ್‌ಗೆ 32 ನಂಬರ್ ಸಾಮಾನ್ಯ. ನಮ್ಮ ಬೇಸಿಗೆಗೆ 46 ಕೂಡ ನಡೆಯುತ್ತೆ.

ಹಳೇ ಹುಬ್ಬಳ್ಳಿ ಗ್ಯಾರೇಜ್

ಡಾಟ್ ಎಣ್ಣೆಯ ಮಾತು ಸರಿ ಅಣ್ಣಾ. ಸೀಲ್ ಊದಿದ್ದನ್ನು ನಾನೂ ಜ್ಯಾಕ್‌ಗಳಲ್ಲಿ ಕಂಡಿದ್ದೀನಿ. ರಿಲೀಫ್ ಲೆಕ್ಕ ನೋಡಿದ ಮೇಲೆ ಅದನ್ನೂ ಮುಟ್ಟಬೇಡಿ ಅಂತ ನಾನೂ ಹೇಳ್ತೀನಿ.

ನವನಗರ ವೈಂಡಿಂಗ್

ಕಾಕಾ, ನೀವು ಹೇಳಿದ ಮೂರೂ ನೋಡಿದೆ. ಪೆಡಲ್ ಒದೆಯಲ್ಲ, ಹಾಗೇ ನಿಲ್ಲುತ್ತೆ. ಕೇಬಲ್ ಬಿಗಿಯಾಗಿ ಎಳೆದ ಹಾಗಿತ್ತು, ಸಡಿಲವೇ ಇರಲಿಲ್ಲ. ರಾಡ್ ದಪ್ಪ ಇದೆ, ಟ್ಯೂಬಿಗಿಂತ ಸ್ವಲ್ಪವೇ ಸಣ್ಣದು.

ಕೇಬಲ್ ತುದಿಯ ನಟ್ ತಿರುಗಿಸಿ ಲಿವರ್‌ನಲ್ಲಿ ಸ್ವಲ್ಪ ಆಟ ಬಿಟ್ಟೆ. ಈಗ ಇಳಿಯೋದು ನಿಧಾನ ಆಗಿದೆ, ಆದರೆ ನಿಂತಿಲ್ಲ.

ತಾರಿಹಾಳ ಟರ್ನರ್

ರಾಡ್ ದಪ್ಪ ಇದೆ ಅಂದ್ರಲ್ಲ, ಅದು ಬಹಳ ಉಪಯೋಗದ ಸುಳಿವು.

ಸಿಲಿಂಡರ್‌ನಲ್ಲಿ ಎರಡು ಜಾತಿ. ಒಂದರಲ್ಲಿ ತೆಳು ರಾಡಿನ ತುದಿಗೆ ಪಿಸ್ಟನ್ ಇರುತ್ತೆ, ಸೀಲ್ ಪಿಸ್ಟನ್ ಮೇಲೆ. ಆ ಸೀಲ್ ಸವೆದರೆ ಆಯಿಲ್ ಒಳಗೊಳಗೇ ಪಿಸ್ಟನ್ ದಾಟುತ್ತೆ. ಆಮೇಲೆ ಗಾಳಿ ತೂತಿನಿಂದ ಹೊರಗೆ ಬರುತ್ತೆ, ಇಲ್ಲವೇ ವಾಪಸ್ ಪೈಪ್ ಇದ್ದರೆ ಟ್ಯಾಂಕ್ ಸೇರುತ್ತೆ. ಇನ್ನೊಂದು ಜಾತಿಯಲ್ಲಿ ಪಿಸ್ಟನ್ನೇ ಇಲ್ಲ, ದಪ್ಪ ರಾಡೇ ಪ್ಲಂಜರ್. ಸೀಲ್ ಇರೋದು ಬಾಯಿಯ ಹತ್ತಿರ. ಅದು ಹೋದರೆ ಆಯಿಲ್ ಹೊರಗೇ ಬರಬೇಕು, ಬೇರೆ ದಾರಿಯೇ ಇಲ್ಲ.

ನಿಮ್ಮದು ಎರಡನೇ ಜಾತಿ ಅನ್ನಿಸುತ್ತೆ. ರಾಡ್ ಮೇಲೆ ಜಿಡ್ಡಿಲ್ಲ, ನೆಲ ಒಣಗಿದೆ. ಹಾಗಾದ್ರೆ ಸಿಲಿಂಡರ್ ಸೀಲ್ ಹೋಗಿದೆ ಅನ್ನೋ ಮಾತು ನಿಲ್ಲಲ್ಲ.

ಗೋಕುಲ್ ರೋಡ್ ಫಿಟ್ಟರ್

ಟರ್ನರ್ ಅಣ್ಣ ಹೇಳಿದ್ದು ಸರಿಯಾಗಿದೆ. ಪೆಡಲ್ ಒದೆಯಲ್ಲ, ಅಂದರೆ ಎರಡನೇ ಗುಂಡು ಒತ್ತಡ ತಡೆದಿದೆ. ಆ ಗುಂಡು ಸೋರಿದ್ದರೆ ಸಿಲಿಂಡರ್ ಒತ್ತಡ ಪಂಪಿಗೆ ಬಂದು ಪೆಡಲ್ ಎತ್ತುತ್ತಿತ್ತು. ಒಂದು ಅಪವಾದ ಇದೆ. ಎರಡೂ ಗುಂಡು ಒಟ್ಟಿಗೆ ಸೋರಿದರೆ ಆಯಿಲ್ ನೇರ ಟ್ಯಾಂಕಿಗೆ ಹೋಗುತ್ತೆ, ಪೆಡಲ್ ಸುಮ್ನಿರುತ್ತೆ. ಆದರೆ ಆಗ ಟೇಬಲ್ ಎತ್ತೋದೇ ಕಷ್ಟ. ನಿಮ್ಮದು ಎತ್ತುತ್ತಿದೆ.

ಕೇಬಲ್ ಸಡಿಲ ಮಾಡಿದಾಗ ವ್ಯತ್ಯಾಸ ಕಂಡಿತು. ಹಾಗಾಗಿ ನನ್ನ ಕಣ್ಣು ರಿಲೀಸ್ ವಾಲ್ವ್ ಮೇಲೆ. ಬಿಗಿ ಕೇಬಲ್ ಅದನ್ನು ಒಂದು ಕೂದಲೆಳೆಯಷ್ಟು ತೆರೆದೇ ಇಟ್ಟಿತ್ತು. ಈಗ ಕೇಬಲ್ ಬಿಟ್ಟರೂ ಪೂರ್ತಿ ಮುಚ್ಚುತ್ತಿಲ್ಲ ಅಂದರೆ ವಾಲ್ವಿನ ಗುಂಡು ಕೂರುವ ಅಂಚಿನ, ಅಂದರೆ ಸೀಟ್‌ನ, ಮೇಲೆ ಕಸ ಇದೆ, ಇಲ್ಲ ಸೀಟ್ ಗಾಯ ಆಗಿದೆ. ಖಾಲಿ ಟೇಬಲ್ ನಿಲ್ಲೋದಕ್ಕೂ ಇದೇ ಕಾರಣ. ಒತ್ತಡ ಕಡಿಮೆ ಇದ್ದಾಗ ಆ ಸಂದಿಯಲ್ಲಿ ಆಯಿಲ್ ಹೆಚ್ಚು ನುಗ್ಗಲ್ಲ.

ಬಿಚ್ಚೋದು ಹೀಗೆ. ಆಸರೆ ಇಟ್ಟು ಒತ್ತಡ ತೆಗೆದ ಮೇಲೆ ಪಂಪ್ ಬ್ಲಾಕ್ ಹೊರಗಡೆ ಪೂರ್ತಿ ಒರೆಸು. ಈ ಕೆಲಸದ ಅರ್ಧ ಭಾಗ ಇದೇ. ನಮ್ಮ ಊರ ಧೂಳು ಒಂದು ಕಣ ಒಳಗೆ ಬಿದ್ದರೂ ಮತ್ತೆ ಅದೇ ಕಥೆ. ಕೇಬಲ್ ಬಿಡಿಸು. ರಿಲೀಸ್ ವಾಲ್ವ್‌ನ ದೊಡ್ಡ ನಟ್ಟನ್ನು ನಿಧಾನಕ್ಕೆ ಅರ್ಧ ಸುತ್ತು ಬಿಚ್ಚಿ ನಿಲ್ಲಿಸು. ಆಯಿಲ್ ಚಿಮ್ಮಿದರೆ ಇನ್ನೂ ಒತ್ತಡ ಇದೆ ಅಂತ ಅರ್ಥ, ಬಿಗಿಮಾಡಿ ಮತ್ತೆ ಲಿವರ್ ಒತ್ತು. ಚಿಮ್ಮದಿದ್ದರೆ ಮುಂದಕ್ಕೆ ಹೋಗು. ಒಳಗಿನ ಸ್ಪ್ರಿಂಗ್, ಪಿನ್, ಗುಂಡು, ಓ-ರಿಂಗ್ ಬಂದ ಸಾಲಿನಲ್ಲೇ ತಟ್ಟೆಯಲ್ಲಿ ಇಡು, ಪ್ರತಿ ಹಂತಕ್ಕೂ ಮೊಬೈಲಲ್ಲಿ ಫೋಟೋ ತೆಗೆ. ಲೋಹದ ಭಾಗ ಡೀಸೆಲ್‌ನಲ್ಲಿ ತೊಳೆ, ರಬ್ಬರ್ ಹಾಕಬೇಡ. ಹತ್ತಿ ವೇಸ್ಟ್‌ನಿಂದ ಒರೆಸಬೇಡ, ನೂಲು ಬಿಡುತ್ತೆ. ಅದೇ ನೂಲು ನಾಳೆ ಗುಂಡಿನ ಕೆಳಗೆ ಕೂರುತ್ತೆ.

ಬೆಟಗೇರಿ ಪ್ರೆಸ್

ನಡುವೆ ಬಂದೆ ಅಂತ ಬೇಸರ ಬೇಡ ಕಾಕಾ. ನಮ್ಮದು ಗದಗ-ಬೆಟಗೇರಿಯಲ್ಲಿ ಪ್ರಿಂಟಿಂಗ್ ಪ್ರೆಸ್. ಪೇಪರ್ ರೀಮು ಮಷಿನ್ ಎತ್ತರಕ್ಕೆ ಎತ್ತೋಕೆ ಇಂಥದೇ ಟೇಬಲ್ ಇದೆ. ನಮ್ಮದು ಇವರದ್ದರ ಉಲ್ಟಾ. ಮೇಲೆ ಹೋಗುತ್ತೆ, ಕೆಳಗೆ ಬರಲ್ಲ. ಲಿವರ್ ಪೂರ್ತಿ ಒತ್ತಿದರೂ ಅರ್ಧಕ್ಕೆ ನಿಂತುಬಿಡುತ್ತೆ. ಹುಡುಗರು ಮೇಲೆ ಹತ್ತಿ ಕುಣಿದು ಇಳಿಸುತ್ತಾರೆ. ನನಗೆ ಅದನ್ನು ನೋಡಿದರೆ ಎದೆ ಝಲ್ ಅನ್ನುತ್ತೆ.

ಗೋಕುಲ್ ರೋಡ್ ಫಿಟ್ಟರ್

ಅಕ್ಕಾ, ಆ ಕುಣಿಯೋದನ್ನು ಇವತ್ತೇ ನಿಲ್ಲಿಸಿ. ಜಾಮ್ ಬಿಟ್ಟ ಕ್ಷಣ ಟೇಬಲ್ ಮತ್ತೆ ಹುಡುಗ ಇಬ್ಬರೂ ಕೆಳಗೆ ಬರುತ್ತಾರೆ.

ಅರ್ಧಕ್ಕೆ ನಿಲ್ಲುತ್ತೆ ಅಂದರೆ ಆಯಿಲ್‌ಗಿಂತ ಕಾಲುಗಳ ಕಡೆ ನೋಡಬೇಕು. ಕತ್ತರಿಯ ಒಂದು ಜೋಡಿ ಕಾಲು ಪಿನ್ ಮೇಲೆ ನಿಂತಿರುತ್ತೆ, ಇನ್ನೊಂದು ಜೋಡಿ ರೋಲರ್ ಮೇಲೆ ಚಾನಲ್ ಒಳಗೆ ಓಡುತ್ತೆ. ಪ್ರೆಸ್‌ನಲ್ಲಿ ಪೇಪರ್ ಹುಡಿ ಹಳೇ ಗ್ರೀಸ್ ಜೊತೆ ಸೇರಿ ಆ ಚಾನಲ್‌ನಲ್ಲಿ ಗಟ್ಟಿಯಾಗಿ ಕೂರುತ್ತೆ. ರೋಲರ್ ಉರುಳದೆ ಜಾರುತ್ತೆ, ಒಂದು ಜಾಗದಲ್ಲಿ ಸಿಕ್ಕಿಕೊಳ್ಳುತ್ತೆ. ರೀಮುಗಳನ್ನು ಒಂದೇ ಬದಿಗೆ ಒಟ್ಟುವ ರೂಢಿ ಇದ್ದರೆ ಕಾಲು ಬಾಗಿರಲೂಬಹುದು.

ಭಾರ ಪೂರ್ತಿ ಇಳಿಸಿ. ಲಿವರ್ ಬಿಟ್ಟು ವಾಲ್ವ್ ಮುಚ್ಚಿದೆ ಅಂತ ಖಚಿತ ಮಾಡಿಕೊಳ್ಳಿ. ಸ್ವಲ್ಪ ಪಂಪ್ ಮಾಡಿ ಜಾಮ್ ಜಾಗದಿಂದ ಮೇಲೆ ತನ್ನಿ. ಆಸರೆ ಇಡಿ. ಆಮೇಲೆ ಮಾತ್ರ ಚಾನಲ್ ಕೆರೆದು ತೆಗೆಯಿರಿ, ರೋಲರ್ ಕೈಯಲ್ಲಿ ತಿರುಗುತ್ತಾ ನೋಡಿ. ನಾಲ್ಕೂ ಕಾಲನ್ನು ನೇರ ಪಟ್ಟಿ ಹಿಡಿದು ಪರೀಕ್ಷಿಸಿ. ಕಾಲು ಬಾಗಿದ್ದರೆ ಸುತ್ತಿಗೆಯಿಂದ ನೇರ ಮಾಡೋಕೆ ಹೋಗಬೇಡಿ, ಬದಲಿಸಬೇಕು. ಕಾಲುಗಳು ಸರಿಯಾಗಿದ್ದರೆ ಕೊನೆಗೆ ಕೇಬಲ್ ನೋಡಿ. ತೀರಾ ಸಡಿಲ ಇದ್ದರೆ ವಾಲ್ವ್ ಪೂರ್ತಿ ತೆರೆಯಲ್ಲ.

ನವನಗರ ವೈಂಡಿಂಗ್

ಕಾಕಾ, ಸಿಕ್ಕಿತು!

ನಟ್ ಬಿಚ್ಚಿ ಗುಂಡು ಹೊರಗೆ ತೆಗೆದೆ. ಟಾರ್ಚ್ ಹಿಡಿದು ನೋಡಿದರೆ ಸೀಟ್ ಅಂಚಿನಲ್ಲಿ ಬೆಳ್ಳಗೆ ಏನೋ ಅಂಟಿಕೊಂಡಿತ್ತು. ಉಗುರು ಕತ್ತರಿಸಿದ ತುಣುಕಿನಷ್ಟು. ಚಿಮಟದಿಂದ ಹಿಡಿದು ಎಳೆದರೆ ಹಿಗ್ಗುತ್ತಾ ಬಂತು. ಟೆಫ್ಲಾನ್ ಟೇಪ್ ಚೂರು. ಆಯಿಲ್ ತುಂಬುವ ಪ್ಲಗ್ ಬಿಚ್ಚಿ ನೋಡಿದರೆ ಅದರ ಥ್ರೆಡ್‌ಗೆ ಯಾರೋ ಟೇಪ್ ಸುತ್ತಿದ್ದರು. ಕೆಳಗಿನ ಸುತ್ತು ಹರಿದು ಟ್ಯಾಂಕಿನೊಳಗೆ ಜೋತು ಬಿದ್ದಿತ್ತು.

ಗುಂಡಿನ ಮೇಲೆ ಸಣ್ಣ ಬಳೆಯಂತೆ ಒಂದು ಗೆರೆ ಇದೆ, ಉಗುರಿಗೆ ತಾಗುತ್ತೆ. ಸೀಟ್ ಮೇಲೂ ಒಂದು ಕಡೆ ಹೊಳಪು ಕಡಿಮೆ. ಗುಂಡು ಬದಲಿಸಬೇಕಾ?

ತಾರಿಹಾಳ ಟರ್ನರ್

ಖಂಡಿತ ಬದಲಿಸಿ. ಬೇರಿಂಗ್ ಅಂಗಡಿಯಲ್ಲಿ ಬಿಡಿ ಗುಂಡು ಸಿಗುತ್ತೆ, ದೊಡ್ಡ ಖರ್ಚಲ್ಲ. ಆದರೆ ವರ್ನಿಯರ್ ಹಿಡಿದು ಅಳತೆ ಮಾಡಿ ಹೋಗಿ. 6 ಮಿ.ಮೀ. ಗುಂಡು ಬೇರೆ, ಕಾಲಿಂಚಿನ ಗುಂಡು ಬೇರೆ. ಕಾಲಿಂಚು ಅಂದರೆ 6.35. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಸೀಟ್ ಮೇಲೆ ಕೂರುವ ಜಾಗ ಬೇರೆ ಆಗುತ್ತೆ.

ಸೀಟ್ ಗಾಯ ಸಣ್ಣದಿದ್ದರೆ ಹಳೇ ಕಾಲದ ಉಪಾಯ ಒಂದಿದೆ. ಹಳೇ ಅಳತೆಯದೇ ಒಂದು ಗುಂಡು ಸೀಟ್ ಮೇಲೆ ಕೂರಿಸಿ, ಅದರ ಮೇಲೆ ಹಿತ್ತಾಳೆ ಸರಳು ನೇರಕ್ಕೆ ಇಟ್ಟು, ಸಣ್ಣ ಸುತ್ತಿಗೆಯಿಂದ ಒಂದೇ ಏಟು. ಜೋರಾಗಿ ಹೊಡೆಯಬೇಡಿ. ಸೀಟ್ ಅಂಚು ಗುಂಡಿನ ಆಕಾರಕ್ಕೆ ಹೊಸದಾಗಿ ಕೂರುತ್ತೆ. ಹೊಡೆದ ಗುಂಡನ್ನು ಎಸೆದು ಹೊಸದು ಹಾಕಿ. ಒಳಗೆ ಗುಂಡಿನ ಬದಲು ಚೂಪು ಮೂತಿಯ ಪಿನ್ ಇದ್ದರೆ ಈ ಉಪಾಯ ನಡೆಯಲ್ಲ, ನಿಮ್ಮದು ಗುಂಡೇ ಆದ್ದರಿಂದ ಹೇಳಿದೆ.

ಓ-ರಿಂಗ್ ಹೇಗೂ ಹೊರಗೆ ಬಂದಿದೆ, ಹೊಸದೇ ಹಾಕಿ. ಹಳೇ ರಿಂಗ್ ಅಳತೆ ನಂಬಬೇಡಿ, ಅದು ಒತ್ತಿ ಚಪ್ಪಟೆ ಆಗಿರುತ್ತೆ. ರಿಂಗ್ ಕೂರುವ ತೋಡು ಎಷ್ಟು ಆಳ, ಎಷ್ಟು ಅಗಲ ಅಂತ ಅಳೆಯಿರಿ. ನೈಟ್ರೈಲ್ ರಬ್ಬರ್ ಅಂತಲೇ ಕೇಳಿ. ನಟ್ ಕೆಳಗೆ ತಾಮ್ರದ ವಾಷರ್ ಇದ್ದು ಹೊಸದು ಸಿಗದಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮೆತ್ತಗಾಗುತ್ತೆ, ಮತ್ತೆ ಸೀಲ್ ಮಾಡುತ್ತೆ.

ಟೆಫ್ಲಾನ್ ಟೇಪ್ ಮನೆಯ ನಲ್ಲಿಗೆ ಇರಲಿ, ಇಂಥ ಪಂಪಿನ ಹತ್ತಿರ ತರಬೇಡಿ. ಪ್ಲಗ್‌ಗೆ ವಾಷರ್ ಸಾಕು.

ಹಳೇ ಹುಬ್ಬಳ್ಳಿ ಗ್ಯಾರೇಜ್

ಟರ್ನರ್ ಅಣ್ಣಾ, ನಂದೂ ಒಂದು ಪ್ರಶ್ನೆ. ನನ್ನ ಹತ್ತಿರ ಒಂದು ಟೇಬಲ್ ಬಂದಿದೆ, ಅದರ ರಾಡ್ ಸುತ್ತ ಆಯಿಲ್ ಜಿನುಗುತ್ತೆ. ಅದಕ್ಕೆ ಯು-ಸೀಲ್ (ಯು ಆಕಾರದ ಸೀಲ್) ಬದಲಿಸಬೇಕು ಅಂತ ಇದ್ದೀನಿ. ಅದರ ತೆರೆದ ಅಂಚು, ಅಂದರೆ ತುಟಿ, ಯಾವ ಕಡೆ ಬರಬೇಕು?

ತಾರಿಹಾಳ ಟರ್ನರ್

ತುಟಿ ಒತ್ತಡದ ಕಡೆ, ಅಂದರೆ ಆಯಿಲ್ ಕಡೆ. ಸೈಕಲ್ ಪಂಪಿನ ಚರ್ಮದ ಬಕೆಟ್ ವಾಷರ್ ನೆನಪು ಮಾಡಿಕೊಳ್ಳಿ. ಗಾಳಿ ಒಳಗಿಂದ ಒತ್ತಿದಷ್ಟೂ ಚರ್ಮ ಗೋಡೆಗೆ ಅಂಟುತ್ತೆ. ಉಲ್ಟಾ ಹಾಕಿದರೆ ಪಂಪ್ ಹೊಡೆಯಲ್ಲ. ಇದೂ ಅಷ್ಟೇ. ರಾಡ್ ಮೇಲಿನ ಧೂಳು ಒರೆಸುವ ಹೊರಗಿನ ವೈಪರ್ ಸೀಲ್ ಮಾತ್ರ ಧೂಳಿನ ಕಡೆಗೆ ಮುಖ ಮಾಡಿರಬೇಕು.

ಹೊಸ ಸೀಲ್ ಹಾಕುವ ಮೊದಲು ರಾಡ್ ಮೇಲೆ ಬೆರಳಾಡಿಸಿ. ಅದನ್ನೂ ಒತ್ತಡ ತೆಗೆದ ಮೇಲೆಯೇ. ಒತ್ತಡ ಇರುವಾಗ ಸೋರುವ ಜಾಗ ಹುಡುಕೋಕೆ ಕೈ ಹಿಡಿಯಲೇಬೇಡಿ. ಸೂಜಿಯಂಥ ತೂತಿನಿಂದ ಬರುವ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತೆ. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ ಅದು. ಒಂದು ರಟ್ಟಿನ ತುಂಡು ಹಿಡಿದು ನೋಡಿ.

ರಾಡ್ ಮೇಲೆ ಸಣ್ಣ ಗೀರು ಇದ್ದರೆ ನಯವಾದ ಆಯಿಲ್ ಕಲ್ಲಿನಿಂದ ಅದರ ಅಂಚು ಮಾತ್ರ ತೆಗೆಯಿರಿ. ಮಳೆಗಾಲದ ತೇವಕ್ಕೆ ಕ್ರೋಮ್ ಎದ್ದು ಗುಳಿ ಬಿದ್ದಿದ್ದರೆ ಎಷ್ಟು ಸೀಲ್ ಹಾಕಿದರೂ ಅದು ಕತ್ತರಿಸುತ್ತೆ. ಆಗ ರಾಡ್ ಉಜ್ಜಿ ಹಾರ್ಡ್ ಕ್ರೋಮ್ ಮಾಡಿಸಬೇಕು, ಇಲ್ಲ ಹೊಸ ರಾಡ್. ಸೀಲನ್ನು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮೆತ್ತಗಾಗುತ್ತೆ. ಒರೆಸಿ, ಅದೇ ಆಯಿಲ್ ಸವರಿ, ಬೆರಳಿಂದ ಕೂರಿಸಿ. ಸ್ಕ್ರೂಡ್ರೈವರ್ ತುದಿ ತಾಗಿದರೆ ತುಟಿ ಹರಿಯುತ್ತೆ.

ಕೆಲಗೇರಿ ಮೇಷ್ಟ್ರು

ಧಾರವಾಡದಿಂದ ಓದುತ್ತಿದ್ದೆ. ಬಕೆಟ್ ವಾಷರ್ ಮಾತು ಬಂದದ್ದಕ್ಕೆ ಸಂತೋಷ ಆಯಿತು. ಜೋಸೆಫ್ ಬ್ರಾಮಾ ಇಂಗ್ಲೆಂಡಿನಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದದ್ದು 1795ರಲ್ಲಿ. ಒತ್ತಡದ ನಿಯಮ ಪ್ಯಾಸ್ಕಲ್ ಕಾಲದಿಂದ ಗೊತ್ತಿತ್ತು. ತೊಡಕಾದದ್ದು ಸೀಲ್. ಒತ್ತಡ ಏರಿದಂತೆ ರಾಮ್ ಸುತ್ತ ನೀರು ಸೋರುತ್ತಿತ್ತು. ಬಿಗಿ ಮಾಡಿದರೆ ರಾಮ್ ಅಲುಗುತ್ತಿರಲಿಲ್ಲ. ಅವರ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್ಲೆ ಮಾಡಿದ ಚರ್ಮದ ಬಟ್ಟಲಿನ ಸೀಲ್ ಅದನ್ನು ಬಿಡಿಸಿತು ಎನ್ನುತ್ತಾರೆ. ಒತ್ತಡ ಬಂದಾಗ ತಾನಾಗಿ ಬಿಗಿ, ಹೋದಾಗ ಸಡಿಲ. ನೀವು ಇವತ್ತು ಹಾಕುತ್ತಿರುವ ಯು-ಸೀಲ್ ಅದೇ ವಂಶದ್ದು. ಮಕ್ಕಳಿಗೆ ಪ್ಯಾಸ್ಕಲ್ ನಿಯಮ ಹೇಳುವಾಗ ಈ ಸೀಲ್ ವಿಷಯ ಹೇಳದಿದ್ದರೆ ಅರ್ಧ ಪಾಠ ಉಳಿದ ಹಾಗೆ ಅನ್ನಿಸುತ್ತೆ ನನಗೆ.

ಬ್ಯಾಡಗಿ ಮಂಡಿ

ನಮಸ್ಕಾರ್ರೀ. ಹಾವೇರಿ ಕಡೆಯವರು ಯಾರೂ ಇಲ್ಲ ಅಂತ ನಾನೂ ಒಂದು ಕೇಳ್ತೀನಿ. ನಮ್ಮದು ಮೆಣಸಿನಕಾಯಿ ಅಂಗಡಿ. ಚೀಲ ಎತ್ತುವ ಟೇಬಲ್ ಕರೆಂಟಿನದು, ತ್ರೀ ಫೇಸ್ ಮೋಟರ್. ಮೊನ್ನೆ ಶೆಡ್ ವೈರಿಂಗ್ ಹೊಸದು ಮಾಡಿಸಿದೆವು. ಅವತ್ತಿಂದ ಬಟನ್ ಒತ್ತಿದರೆ ಮೋಟರ್ ತಿರುಗುತ್ತೆ, ಟೇಬಲ್ ಮಾತ್ರ ಅಲುಗಲ್ಲ. ಆಯಿಲ್ ಪೂರ್ತಿ ಇದೆ.

ನವನಗರ ವೈಂಡಿಂಗ್

ಇದು ನನ್ನ ಕೆಲಸದ ವಿಷಯ, ನಾನೇ ಹೇಳ್ತೀನಿ. ತಕ್ಷಣ ಬಟನ್ ಒತ್ತೋದು ನಿಲ್ಲಿಸಿ. ಮೋಟರ್ ಉಲ್ಟಾ ತಿರುಗುತ್ತಿರಬಹುದು. ವೈರಿಂಗ್ ಬದಲಿಸಿದಾಗ ಎರಡು ಫೇಸ್ ಅದಲು ಬದಲಾದರೆ ಹೀಗಾಗುತ್ತೆ. ಗೇರ್ ಪಂಪ್ ಒಂದೇ ದಿಕ್ಕಿನಲ್ಲಿ ಆಯಿಲ್ ಎಳೆಯುತ್ತೆ. ಉಲ್ಟಾ ತಿರುಗಿದರೆ ಆಯಿಲ್ ಸಿಗದೆ ಒಣ ಓಡುತ್ತೆ, ಹಾಗೇ ಬಿಟ್ಟರೆ ಸವೆಯುತ್ತೆ.

ಮೋಟರ್ ಅಥವಾ ಪಂಪ್ ಮೇಲೆ ಬಾಣದ ಗುರುತು ಇರುತ್ತೆ. ಒಂದು ಕ್ಷಣ ಮಾತ್ರ ಬಟನ್ ಒತ್ತಿ, ಮೋಟರ್ ಹಿಂದಿನ ಫ್ಯಾನ್ ಯಾವ ಕಡೆ ತಿರುಗಿತು ನೋಡಿ. ಉಲ್ಟಾ ಇದ್ದರೆ ಮೇನ್ ಆಫ್ ಮಾಡಿಸಿ, ವೈರ್‌ಮನ್ ಕೈಯಲ್ಲಿ ಯಾವುದಾದರೂ ಎರಡು ಫೇಸ್ ಬದಲಿಸಿ. ದಿಕ್ಕು ಸರಿ ಇದ್ದರೂ ಏಳದಿದ್ದರೆ ಆಗ ಇಳಿಸುವ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ನಡೆಯುವ ವಾಲ್ವ್) ತೆರೆದೇ ಸಿಕ್ಕಿಕೊಂಡಿದೆಯಾ ನೋಡಬೇಕು.

ಬ್ಯಾಡಗಿ ಮಂಡಿ

ಅದೇ ಆಗಿತ್ತುರೀ. ಬಾಣ ಒಂದು ಕಡೆ, ಫ್ಯಾನ್ ಇನ್ನೊಂದು ಕಡೆ. ಬದಲಿಸಿದ ಕೂಡಲೇ ಎದ್ದಿತು. ತಮ್ಮಾ, ಬ್ಯಾಡಗಿಗೆ ಬಂದರೆ ಅಂಗಡಿಗೆ ಬನ್ನಿ, ಒಳ್ಳೆ ಡಬ್ಬಿ ಮೆಣಸಿನಕಾಯಿ ಕೊಟ್ಟು ಕಳಿಸ್ತೀನಿ.

ನವನಗರ ವೈಂಡಿಂಗ್

ಬರ್ತೀನಿ ಅಣ್ಣಾ.

ನಮ್ಮ ಟೇಬಲ್ ಸುದ್ದಿ: ಗುಂಡು ಅಳೆದರೆ 6.35 ಬಂತು, ಕಾಲಿಂಚಿನದೇ. ಹೊಸ ಗುಂಡು, ಹೊಸ ಓ-ರಿಂಗ್ ಹಾಕಿ, ಸೀಟ್‌ಗೆ ಹೇಳಿದ ಹಾಗೆ ಒಂದು ಏಟು ಕೊಟ್ಟು ಕೂರಿಸಿದೆ. ಟ್ಯಾಂಕಿನ ಹಳೇ ಆಯಿಲ್ ತೆಗೆದರೆ ಮಜ್ಜಿಗೆ ಬಣ್ಣಕ್ಕಿತ್ತು. ಟ್ಯಾಂಕ್ ತೊಳೆದು ಒಣಗಿಸಿದ್ದೀನಿ. ಹೊಸ ಆಯಿಲ್ ಎಷ್ಟು ಮಟ್ಟಕ್ಕೆ ತುಂಬಬೇಕು? ಟೇಬಲ್ ಎತ್ತಿ ತುಂಬಬೇಕಾ, ಇಳಿಸಿ ತುಂಬಬೇಕಾ?

ಗೋಕುಲ್ ರೋಡ್ ಫಿಟ್ಟರ್

ಪೂರ್ತಿ ಇಳಿಸಿಯೇ ತುಂಬಬೇಕು. ಟೇಬಲ್ ಮೇಲಿದ್ದಾಗ ಟ್ಯಾಂಕಿನ ಆಯಿಲ್ ಸಿಲಿಂಡರ್‌ನಲ್ಲಿರುತ್ತೆ. ಆಗ ತುಂಬಿದರೆ ಇಳಿಸುವಾಗ ಆ ಆಯಿಲ್‌ಗೆ ಜಾಗ ಇರಲ್ಲ, ಉಕ್ಕುತ್ತೆ. ಮಟ್ಟದ ಗುರುತು ಇದ್ದರೆ ಅಲ್ಲಿಯವರೆಗೆ, ಇಲ್ಲದಿದ್ದರೆ ತುಂಬುವ ತೂತಿಗಿಂತ ಸ್ವಲ್ಪ ಕೆಳಗೆ ನಿಲ್ಲಿಸು. ಟ್ಯಾಂಕಿಗೆ ಗಾಳಿಯ ಜಾಗ ಬೇಕು. ಮಜ್ಜಿಗೆ ಬಣ್ಣ ಅಂದರೆ ನೀರು ಸೇರಿದೆ. ಮಳೆಗಾಲದಲ್ಲಿ ಎಲ್ಲಾದರೂ ಹೊರಗೆ ನಿಂತಿರಬೇಕು. ಬದಲಿಸಿದ್ದು ಒಳ್ಳೆಯದಾಯಿತು.

ಆಮೇಲೆ ಗಾಳಿ ತೆಗೆಯೋದು ಮರೆಯಬೇಡ. ಟೇಬಲ್ ಖಾಲಿ ಇರಲಿ. ಇಳಿಸುವ ಲಿವರ್ ಒತ್ತಿ ಹಿಡಿದುಕೊಂಡೇ ಪೆಡಲನ್ನು ನಿಧಾನವಾಗಿ, ಪೂರ್ತಿ ಉದ್ದಕ್ಕೆ ಹತ್ತಾರು ಸಲ ತುಳಿ. ಗಾಳಿ ಟ್ಯಾಂಕಿಗೆ ವಾಪಸ್ ಹೋಗುತ್ತೆ. ಲಿವರ್ ಬಿಟ್ಟು ಎತ್ತಿ ನೋಡು. ಪೆಡಲ್ ಸ್ಪಂಜಿನ ಹಾಗೆ ಅನ್ನಿಸಿದರೆ ಇನ್ನೂ ಗಾಳಿ ಇದೆ, ಮತ್ತೆ ಮಾಡು. ಆಮೇಲೆ ಮಟ್ಟ ಮತ್ತೊಮ್ಮೆ ನೋಡು, ಸ್ವಲ್ಪ ಇಳಿದಿರುತ್ತೆ.

ನವನಗರ ವೈಂಡಿಂಗ್

ಮಾಡಿದೆ ಕಾಕಾ. 32 ನಂಬರ್ ಹಾಕಿದ್ದೀನಿ. ಸಂಜೆ ಒಂದು ಮೋಟರ್ ಇಟ್ಟು, ಎತ್ತಿ, ಗೋಡೆ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಮಲಗಿದೆ. ಬೆಳಗ್ಗೆ ನೋಡಿದರೆ ಗೆರೆಗಿಂತ ಎರಡು ಬೆಂಕಿಕಡ್ಡಿ ದಪ್ಪದಷ್ಟು ಕೆಳಗಿದೆ. ಅಪ್ಪ ಇಷ್ಟಕ್ಕೇ ಖುಷಿ. ಆದರೆ ನನಗೆ ಸಮಾಧಾನ ಇಲ್ಲ. ಇನ್ನೂ ಸೋರುತ್ತಿದೆಯಾ?

ಕೆಲಗೇರಿ ಮೇಷ್ಟ್ರು

ತಮ್ಮಾ, ಲೆಕ್ಕ ಹಾಕಿ ನೋಡು. ಹೈಡ್ರಾಲಿಕ್ ಆಯಿಲ್ ಒಂದು ಡಿಗ್ರಿ ತಣ್ಣಗಾದರೆ ಸಾವಿರಕ್ಕೆ ಸುಮಾರು 0.7 ಭಾಗ ಕುಗ್ಗುತ್ತೆ. ಸಂಜೆ ಶೆಡ್‌ನಲ್ಲಿ 34 ಡಿಗ್ರಿ, ಬೆಳಗ್ಗೆ 22 ಅಂತ ಇಟ್ಟುಕೋ. 12 ಡಿಗ್ರಿಗೆ ಸಾವಿರಕ್ಕೆ 8.4. ರಾಮ್ 150 ಮಿ.ಮೀ. ಹೊರಗೆ ಬಂದಿದ್ದರೆ 1.3 ಮಿ.ಮೀ.ನಷ್ಟು ಒಳಗೆ ಹೋಗುತ್ತೆ. ಕತ್ತರಿ ಕಾಲು ಆ ಚಲನೆಯನ್ನು ಎರಡು ಮೂರು ಪಟ್ಟು ಮಾಡಿ ಮೇಲೆ ತೋರಿಸುತ್ತೆ. ನಿನ್ನ ಎರಡು ಬೆಂಕಿಕಡ್ಡಿ ದಪ್ಪ ಅಲ್ಲೇ ಸಿಕ್ಕಿತು.

ಪರೀಕ್ಷೆ ಮಾಡಬೇಕಾದರೆ ಬೆಳಗ್ಗೆ ಎತ್ತಿ ಮಧ್ಯಾಹ್ನ ನೋಡು. ಬಿಸಿಲೇರುವಾಗ ಆಯಿಲ್ ಹಿಗ್ಗುತ್ತೆ. ಆಗಲೂ ಇಳಿದರೆ ಸೋರಿಕೆ ಅಂತ ತಿಳಿ.

ನವನಗರ ವೈಂಡಿಂಗ್

ಮೇಷ್ಟ್ರೇ, ಮಧ್ಯಾಹ್ನ ನೋಡಿದೆ. ಗೆರೆಯಿಂದ ಕೆಳಗೆ ಇಳಿದಿಲ್ಲ, ಒಂದು ಚೂರು ಮೇಲೆಯೇ ಇದೆ! ಎಲ್ಲರಿಗೂ ಧನ್ಯವಾದ.

ಬೆಟಗೇರಿ ಪ್ರೆಸ್

ನಮ್ಮದೂ ಇಳಿಯಿತು ಕಾಕಾ. ಚಾನಲ್‌ನಲ್ಲಿ ಹುಡಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಒಂದು ರೋಲರ್ ತಿರುಗುತ್ತಲೇ ಇರಲಿಲ್ಲ. ಕಾಲು ಬಾಗಿಲ್ಲ. ಎರಡು ಮಾತು ಕೇಳೋದಿದೆ. ತೆಗೆದ ಹಳೇ ಆಯಿಲ್ ಏನು ಮಾಡಬೇಕು? ಹುಡುಗರು ಗೆದ್ದಲಿಗೆ ಬಾಗಿಲ ಚೌಕಟ್ಟಿಗೆ ಬಳಿಯೋಣ ಅಂತಾರೆ. ಇನ್ನೊಂದು, ಆಸರೆಗೆ ನಾವು ಮರದ ದಿಮ್ಮಿ ಇಟ್ಟೆವು, ಅದು ಜಾರುತ್ತೇನೋ ಅಂತ ಭಯ ಆಯಿತು. ಸರಿಯಾದ ಆಸರೆ ಹೇಗೆ ಮಾಡಿಸಬೇಕು?

ಗೋಕುಲ್ ರೋಡ್ ಫಿಟ್ಟರ್

ಬಳಿಯಬೇಡಿ, ಗಟಾರಕ್ಕೂ ಸುರಿಯಬೇಡಿ ಅಕ್ಕಾ. ಬಳಸಿದ ಆಯಿಲ್ ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮಗಳಲ್ಲಿ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಮುಚ್ಚಳ ಇರುವ ಡಬ್ಬಿಯಲ್ಲಿ ತುಂಬಿಡಿ. ದೊಡ್ಡ ಸರ್ವಿಸ್ ಸ್ಟೇಷನ್‌ಗಳಿಂದ ಲೈಸೆನ್ಸ್ ಇರುವವರು ಹಳೇ ಆಯಿಲ್ ಒಯ್ಯುತ್ತಾರೆ. ಗದಗಿನಲ್ಲಿ ಅಂಥ ಸ್ಟೇಷನ್‌ನವರನ್ನು ಕೇಳಿ, ಅವರ ಬ್ಯಾರಲ್‌ಗೆ ಸೇರಿಸಿಬಿಡಿ. ಆಸರೆ ವಿಷಯ ಟರ್ನರ್ ಅಣ್ಣ ಹೇಳಲಿ, ಅವರು ಮಾಡಿಕೊಡುವವರು.

ತಾರಿಹಾಳ ಟರ್ನರ್

ಅಕ್ಕಾ, ಮೊದಲು ಟೇಬಲ್ ಫ್ರೇಮ್ ಪಕ್ಕ ನೋಡಿ. ಕೆಲವು ಟೇಬಲ್‌ಗೆ ಮಡಚಿಟ್ಟ ಆಸರೆ ಕಂಬಿ ಕಂಪನಿಯಿಂದಲೇ ಬಂದಿರುತ್ತೆ, ಬಳಸದೆ ಬಣ್ಣ ಅಂಟಿಕೊಂಡಿರುತ್ತೆ.

ಇಲ್ಲದಿದ್ದರೆ ಟೇಬಲ್ ಹಲಗೆ ಕೆಳಗೆ ಕಂಬ ನಿಲ್ಲಿಸುವ ಬದಲು ರೋಲರ್ ಓಡುವ ಚಾನಲ್‌ನಲ್ಲೇ ತಡೆ ಕೊಡಿ. ಟೇಬಲ್ ಇಳಿಯಬೇಕಾದರೆ ರೋಲರ್ ಹೊರಗಡೆಗೆ ಓಡಬೇಕು. ರೋಲರ್‌ಗೂ ಫ್ರೇಮ್ ಕೊನೆಯ ತಡೆಗೂ ನಡುವೆ ಗಟ್ಟಿ ಕಬ್ಬಿಣದ ತುಂಡು ಇದ್ದರೆ ಕಾಲು ಮುಚ್ಚಿಕೊಳ್ಳೋಕೆ ಆಗಲ್ಲ. ಚಾನಲ್ ಒಳಗೇ ಕೂರುವುದರಿಂದ ಜಾರುವ ಭಯ ಕಡಿಮೆ.

ಅಳತೆಗೆ ಟೇಬಲ್ ಖಾಲಿ ಮಾಡಿ, ಕೆಲಸಕ್ಕೆ ಬೇಕಾದ ಎತ್ತರಕ್ಕೆ ಎತ್ತಿ. ರೋಲರ್‌ನಿಂದ ತಡೆಯವರೆಗಿನ ಅಂತರ ಹೊರಗೆ ನಿಂತೇ ಅಳೆಯಿರಿ, ಕಾಲುಗಳ ನಡುವೆ ತಲೆ ಹಾಕಬೇಡಿ. ಚಾನಲ್ ಒಳಗಿನ ಅಗಲವೂ ಬೇಕು. ಎರಡೂ ಬದಿಗೆ ಒಂದೇ ಉದ್ದದ ಜೋಡಿ ಮಾಡಿಸಿ. ಒಂದೇ ಕಡೆ ಇಟ್ಟರೆ ಭಾರ ಓರೆಯಾಗಿ ಬಿದ್ದು ಕಾಲು ತಿರುಚುತ್ತೆ. ಕೆಂಪು ಬಣ್ಣ ಹಚ್ಚಿ, ಸಣ್ಣ ಸರಪಳಿಯಲ್ಲಿ ಟೇಬಲ್‌ಗೇ ಕಟ್ಟಿ ಬಿಡಿ, ಹುಡುಗರು ಹುಡುಕೋದು ಬೇಡ. ಅಳತೆ ಇಲ್ಲೇ ಹಾಕಿ, ಯಾವ ದಪ್ಪದ ಕಬ್ಬಿಣ ಬೇಕು ಅಂತ ನೋಡಿ ಹೇಳ್ತೀನಿ.